ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ಭಾವಿಸಲಾಗುವುದು

ತಾಳೆಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಸಂಜೆ ಕಾಲೇಜಿನ ಗೆಳೆಯರು ಇಟ್ಟದ್ದು. ಮನೆಗೆ ಬೀಗ ಹಾಕಿ ಬೀದಿಯ ತಿರುವಿನ ತನಕ ಹೋದವನು, ಹಾಕಿದ್ದು ಹೌದೋ ಅಲ್ಲವೋ ಎಂದು ತಾಳೆ ನೋಡಲು ವಾಪಸು ಬರುತ್ತಿದ್ದ. ಬೀಗ ಎಳೆದು ನೋಡಿ ಹೊರಟ ಮೇಲೆ, ಎಳೆಯುವಾಗ ಬೀಗ ಸಡಿಲವಾಗಿರಬಹುದು ಎಂದು ಇನ್ನೊಮ್ಮೆ ಬರುತ್ತಿದ್ದ. ಇಂಥವನಿಗೆ ಬೇರೆ ಹೆಸರು ಇಟ್ಟಿದ್ದರೇ ಅನ್ಯಾಯವಾಗುತ್ತಿತ್ತು. ಹೆಸರು ಕಾಲೇಜು ದಾಟಿ ಬೀದಿಗೆ ಬಂತು, ಬೀದಿ ದಾಟಿ ಮನೆಯೊಳಗೆ ಬಂತು. ಕೊನೆಗೆ ಒಡಹುಟ್ಟಿದ ಅಕ್ಕನೇ ಹಾಗೆ ಕರೆಯತೊಡಗಿದಾಗ ಅವನು ಆಕ್ಷೇಪಣೆ ಕೈಬಿಟ್ಟ.

ಹಗಲು ಅವನಿಗೆ ಒಬ್ಬ ಆಡಿಟರ ಆಫೀಸಿನಲ್ಲಿ ಟೈಪಿಸ್ಟನ ಕೆಲಸ, ಸಂಜೆ ಕಾಲೇಜು, ಇದ್ದುದು ಅಕ್ಕ ಭಾವನ ಮನೆಯಲ್ಲಿ. ಭಾವ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಹೊಸಬರ ಕೈಯಲ್ಲಿ ಪ್ರಾಣ ಇಟ್ಟು ಬರುತ್ತಿದ್ದನಾದ್ದರಿಂದ ಸಂಜೆ ಮನೆಯಲ್ಲಿ ಯಾರಾದರೂ ಜೋರಾಗಿ ಉಸಿರಾಡಿದರೂ ಅವನ ಬಲಗಾಲು ತಾನಾಗಿ ಬ್ರೇಕು ಹುಡುಕುತ್ತಿತ್ತು.

ಒಂದು ದಿನ ಕಾಲೇಜಿನ ಬೋರ್ಡಿನಲ್ಲಿ ನೋಟಿಸು ಬಿತ್ತು. ಲೆಕ್ಕಶಾಸ್ತ್ರದ ಕೊನೇ ವರ್ಷದವರು ವಿದೇಶದ ಲೆಕ್ಕಪತ್ರ ಕಂಪನಿಯೊಂದರಲ್ಲಿ ಒಂದು ಋತು ಇಂಟರ್ನ್‌ಶಿಪ್ ಮಾಡಬಹುದು. ಹೋಗಿಬರುವ ಖರ್ಚು ಕಾಲೇಜಿನದು. ಕಂಪನಿಯನ್ನು ಹುಡುಕಿಕೊಳ್ಳುವುದು ವಿದ್ಯಾರ್ಥಿಯ ಪಾಡು. ಒಪ್ಪಿಗೆ ಪತ್ರ ತಿಂಗಳ ಕೊನೆಯೊಳಗೆ ಬರಬೇಕು. ಇರುವುದು ಒಂದೇ ಸೀಟು. ಇದರಲ್ಲಿ ವಿಶೇಷವಿರಲಿಲ್ಲ. ಪ್ರತಿ ವರ್ಷ ಬೀಳುವ ನೋಟಿಸು, ಪ್ರತಿ ವರ್ಷ ಹಗಲು ಕಾಲೇಜಿನ ಒಬ್ಬ ಹುಡುಗ ಹೋಗಿ ಬಂದು, ಆಮೇಲೆ ಒಂದು ವರ್ಷ ಭುಜ ಕುಣಿಸುತ್ತ ಮಾತಾಡುತ್ತಿದ್ದ. ಈ ಸಲ ಕೆಳಗೆ ಒಂದು ಸಾಲು ಹೆಚ್ಚಿತ್ತು: ‘ಸಂಜೆ ತರಗತಿಯವರೂ ಅರ್ಜಿ ಹಾಕಬಹುದು.’

ಅದನ್ನು ತಾಳೆಪ್ಪ ಹತ್ತಿರದಿಂದ ಓದಿದ, ದೂರದಿಂದ ಓದಿದ, ಮಾರನೆಯ ದಿನವೂ ಹಾಗೇ ಇದೆಯೇ ಎಂದು ಬಂದು ಓದಿದ. ಸಂಜೆ ತರಗತಿಯವರಿಗೆ ಲೈಬ್ರರಿ ಮುಚ್ಚುವ ಹೊತ್ತಿಗೆ ಬಾಗಿಲು ಸಿಗುತ್ತಿತ್ತು, ಮೇಷ್ಟರು ಸುಸ್ತಾದ ಮೇಲೆ ಪಾಠ ಸಿಗುತ್ತಿತ್ತು. ಎಲ್ಲರಿಗಿಂತ ಮೊದಲು ಸಿಗಬಹುದಾದದ್ದು ಅಂತ ಏನಾದರೂ ಕಣ್ಣಿಗೆ ಬಿದ್ದದ್ದು ಇದೊಂದೇ. ಅವನಿಗೆ ಅದು ಬೇಕಾಗಿತ್ತು. ಎಷ್ಟು ಬೇಕಾಗಿತ್ತು ಎಂದು ಕನ್ನಡಿಗೆ ಹೇಳಲೂ ಅವನಿಗೆ ಧೈರ್ಯ ಸಾಲದು. ಆದರೂ ಆ ರಾತ್ರಿ ಊಟಕ್ಕೆ ಕೂತಾಗ, ತಟ್ಟೆಯನ್ನು ನೋಡುತ್ತ, ಯಾರೋ ಬೇರೆಯವರ ವಿಷಯ ಎಂಬಂತೆ, ‘ನಾನೂ ವಿದೇಶಕ್ಕೆ ಹಾಕೋಣ ಅಂತ’ ಎಂದುಬಿಟ್ಟ.

ಅಕ್ಕನಿಗೆ ತಮ್ಮನ ಮಾತು ಅರ್ಧ ಸಾಕು. ಕೈ ತೊಳೆಯುವ ಮೊದಲೇ ಪಕ್ಕದ ಮನೆಯ ಕಿಟಕಿಗೆ ಸುದ್ದಿ ಮುಟ್ಟಿಸಿದಳು.

ಇನ್ನು ಪತ್ರ ಬರೆಯಬೇಕಲ್ಲ. ತನಗಾಗಿ ಏನನ್ನೂ ಕೇಳಿ ಗೊತ್ತಿಲ್ಲದ ಮನುಷ್ಯ. ಬಸ್ಸಿನಲ್ಲಿ ಪಕ್ಕದವರು ತನ್ನ ಕಾಲು ತುಳಿದರೆ, ಅವರ ಚಪ್ಪಲಿಗೆ ಏನಾದರೂ ಆಯಿತೇ ಎಂದು ಕೇಳುವವನು. ಮೂರು ದಿನ ಕೂತರೂ ‘ಮಾನ್ಯರೇ’ ಎಂಬಲ್ಲಿಂದ ಪತ್ರ ಮುಂದೆ ಸರಿಯಲಿಲ್ಲ. ಅವನು ನಂಬುವ ಇಂಗ್ಲಿಷು ಎಂದರೆ ಒಂದೇ: ಆಡಿಟರ ಆಫೀಸಿನಲ್ಲಿ ವರ್ಷಗಟ್ಟಲೆ ಟೈಪು ಮಾಡಿದ ಬಾಕಿ ಖಾತರಿ ಪತ್ರ.

ಲೆಕ್ಕದವರಲ್ಲದ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಅಂಗಡಿಯ ಲೆಕ್ಕ ತಪಾಸಣೆ ಮಾಡುವಾಗ ಆಡಿಟರು ಅದರ ಗಿರಾಕಿಗಳಿಗೆಲ್ಲ ಒಂದು ಪತ್ರ ಹಾಕುತ್ತಾರೆ. ಅಂಗಡಿಯ ಪುಸ್ತಕದ ಪ್ರಕಾರ ನಿಮ್ಮ ಬಾಕಿ ಇಷ್ಟು. ಸರಿಯಿದ್ದರೆ ಉತ್ತರ ಬೇಡ, ತಪ್ಪಿದ್ದರೆ ಮಾತ್ರ ತಿಳಿಸಿ. ಇಂಥ ತಾರೀಖಿನೊಳಗೆ ಉತ್ತರ ಬಾರದಿದ್ದರೆ ತಮ್ಮ ಒಪ್ಪಿಗೆ ಇದೆ ಎಂದು ಭಾವಿಸಲಾಗುವುದು. ಗಿರಾಕಿ ಉತ್ತರಿಸುವುದಿಲ್ಲ. ಆಡಿಟರು ಒಪ್ಪಿಗೆ ಎಂದು ಗುರುತು ಹಾಕುತ್ತಾರೆ. ಲೋಕದ ಅರ್ಧ ವ್ಯವಹಾರ ಹೀಗೆ ಯಾರೂ ಬಾಯಿ ಬಿಡದೆ ಸುಸೂತ್ರವಾಗಿ ನಡೆದಿದೆ.

ತಾಳೆಪ್ಪ ಆ ಪತ್ರದ ಒಂದು ಪ್ರತಿ ತೆಗೆದುಕೊಂಡ. ಅಂಗಡಿಯ ಹೆಸರಿದ್ದಲ್ಲಿ ತನ್ನ ಹೆಸರು ಹಾಕಿದ, ಬಾಕಿಯ ವಿವರ ಇದ್ದಲ್ಲಿ ತನ್ನ ಓದಿನ ವಿವರ ತುಂಬಿದ, ಟೈಪು ಮಾಡುವುದೂ ಒಂದು ಅನುಭವವೇ ಎಂದುಕೊಂಡು ಅನುಭವ ಎಂಬಲ್ಲಿ ‘ಇಲ್ಲ’ ಎಂದು ಬರೆದ. ಅಂಕಗಳನ್ನು ತಾಳೆ ನೋಡಿದ, ವಿಳಾಸಗಳನ್ನು ತಾಳೆ ನೋಡಿದ, ತಾರೀಖು ಹದಿನೈದು ಎಂದು ಹಾಕಿ ಅದನ್ನೂ ತಾಳೆ ನೋಡಿದ. ಕೊನೆಯ ಪ್ಯಾರಾ ಮಾತ್ರ ಓದಲಿಲ್ಲ. ಸಾವಿರ ಸಲ ಟೈಪು ಮಾಡಿದ ಸಾಲು, ಮನೆಯ ಗೋಡೆಯ ಮೊಳೆಯಂತೆ, ಕಣ್ಣಿದ್ದೂ ಕಾಣುವುದಿಲ್ಲ. ಹೀಗೆ, ಸಮುದ್ರದಾಚೆಯ ಹತ್ತಾರು ಕಂಪನಿಗಳಿಗೆ ತಾಳೆಪ್ಪನ ಅರ್ಜಿ ಇಮೇಲಿನಲ್ಲಿ ಹೋಯಿತು. ಪ್ರತಿಯೊಂದರ ಕೊನೆಗೂ ಹದಿನೈದರೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ಭಾವಿಸಲಾಗುವುದು ಎಂಬ ನಯವಾದ ಬೆದರಿಕೆಯಿತ್ತು.

ಹದಿನೈದು ಬಂತು, ಹೋಯಿತು. ಒಂದು ಉತ್ತರವೂ ಇಲ್ಲ. ತಾಳೆಪ್ಪ ಮಂಕಾದ. ಬೀಗ ಹಾಕಿ ತಿರುಗಿಯೂ ನೋಡದೆ ಹೋಗುತ್ತಿದ್ದುದನ್ನು ಕಂಡು ಅಕ್ಕನಿಗೆ ನಿಜವಾಗಿ ಭಯವಾಯಿತು. ಅವನಿಲ್ಲದಾಗ ಅರ್ಜಿಯ ಪ್ರತಿಯನ್ನು ಹುಡುಕಿ ತೆಗೆದು, ಎಲ್ಲಿ ಎಡವಟ್ಟಾಗಿದೆ ನೋಡಿ ಹೇಳಿ ಎಂದು ಮಹಡಿಯ ಮೇಲಿನ ಕೋರ್ಟ್ ತಾತನ ಬಳಿಗೆ ಒಯ್ದಳು.

ಕೋರ್ಟ್ ತಾತ ಮನೆಯ ಮಾಲೀಕರು. ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಜಡ್ಜಿನ ಕೆಳಗೆ ಕೂತು ಕೂತು, ತೀರ್ಪುಗಳೆಲ್ಲ ತಮ್ಮ ತಲೆಯ ಮೇಲಿನಿಂದಲೇ ಹೋಗಿದ್ದರಿಂದ ಒಂದಿಷ್ಟು ಒಳಗೂ ಇಳಿದಿರಬೇಕು ಎಂದು ಬಲವಾಗಿ ನಂಬಿದ್ದರು. ಪತ್ರವನ್ನು ಓದಿ, ಕನ್ನಡಕ ಒರೆಸಿ, ಕೊನೆಯ ಪ್ಯಾರಾವನ್ನು ಮತ್ತೆ ಓದಿದರು.

‘ಉತ್ತರ ಬಂತಾ?’

‘ಇಲ್ಲ ತಾತ. ಒಬ್ಬರೂ ಬರೀಲಿಲ್ಲ.’

‘ಒಬ್ಬರೂ?’

‘ಒಬ್ಬರೂ ಇಲ್ಲ.’

‘ಹಾಗಾದ್ರೆ ಅಳೋದ್ಯಾಕಮ್ಮಾ? ನೋಟಿಸು ಕೊಟ್ಟಾಯ್ತು, ಗಡುವು ಕೊಟ್ಟಾಯ್ತು, ಎದುರು ಪಾರ್ಟಿ ಹಾಜರಾಗಲಿಲ್ಲ. ಎಕ್ಸ್‌ಪಾರ್ಟಿ ಆಗಿಹೋಯ್ತು. ಎಲ್ಲರೂ ಒಪ್ಪಿದ್ದಾರೆ.’

ಅಕ್ಕ ಮೆಟ್ಟಿಲಿಳಿದು ಬಂದ ವೇಗಕ್ಕೆ ಭಾವನ ಬಲಗಾಲು ನೆಲವನ್ನು ಒತ್ತಿತು.

ಸಂಜೆ ತಾಳೆಪ್ಪ ಬರುವ ಹೊತ್ತಿಗೆ ವಿಷಯ ಅವನ ಕೈ ಮೀರಿತ್ತು. ಒಂದು ಕಂಪನಿ ಕರೆದಿದ್ದರೆ ಬೀದಿ ಅನುಮಾನಪಡುತ್ತಿತ್ತೇನೋ. ಹತ್ತಾರು ಕಂಪನಿಗಳು ಒಟ್ಟಿಗೆ ಒಪ್ಪಿವೆ ಎಂದ ಮೇಲೆ ಅನುಮಾನಕ್ಕೆ ಜಾಗವೆಲ್ಲಿ? ಈಗ ಉಳಿದ ಪ್ರಶ್ನೆ ಯಾವುದನ್ನು ಆರಿಸಬೇಕು ಎಂಬುದೊಂದೇ. ಪಕ್ಕದ ಮನೆಯಾಕೆ ಚಳಿ ಕಡಿಮೆ ಇರುವ ದೇಶವೇ ಆಗಲಿ ಎಂದಳು. ಎಲ್ಲಿ ರಸ್ತೆಯ ಯಾವ ಮಗ್ಗುಲಿನಲ್ಲಿ ಗಾಡಿ ಓಡಿಸುತ್ತಾರೆ ಎಂದು ಪಟ್ಟಿ ಮಾಡಿದ ಭಾವ, ರಸ್ತೆ ದಾಟುವಾಗ ಮೊದಲು ಯಾವ ಕಡೆ ನೋಡಬೇಕು ಎಂಬುದನ್ನು ಅಂಗಳದಲ್ಲಿ ಅಭ್ಯಾಸ ಮಾಡಿಸಿಯೇ ಕಳಿಸುವುದು ಎಂದು ತೀರ್ಮಾನಿಸಿದ್ದ. ಚಿಕ್ಕಮ್ಮ ಫೋನು ಮಾಡಿ, ಬೇಡದ ಕಂಪನಿ ಒಂದಿದ್ದರೆ ತನ್ನ ಮಗನಿಗೆ ಕೊಡಿಸಬಹುದೇ ಎಂದು ವಿಚಾರಿಸಿದಳು. ಬೀದಿಯ ದರ್ಜಿ ಅಕ್ಕನ ಮಾತಿನಂತೆ ಟೇಪು ಹಿಡಿದು ಬಾಗಿಲಲ್ಲೇ ಕಾದಿದ್ದ. ತಾಳೆಪ್ಪ ಚಪ್ಪಲಿ ಬಿಡುವ ಮೊದಲೇ ಎದೆಯ ಸುತ್ತಳತೆ ಹಿಡಿದ.

ತಾಳೆಪ್ಪ ಪತ್ರವನ್ನು ಕಿತ್ತುಕೊಂಡು ಕೊನೆಯ ಪ್ಯಾರಾ ಓದಿದ. ಉಸಿರು ಬಿಡಬೇಡಿ, ಅಳತೆ ತಪ್ಪುತ್ತದೆ ಎಂದ ದರ್ಜಿ. ಬಿಡುವ ಶಕ್ತಿಯೂ ಇರಲಿಲ್ಲ. ಇದು ಕೈತಪ್ಪಿ ಉಳಿದ ಸಾಲು, ಯಾರೂ ಒಪ್ಪಿಲ್ಲ, ಅವರು ಪತ್ರ ಓದಿಯೇ ಇರಲಾರರು ಎಂದು ಅವನು ಎಲ್ಲರಿಗೂ ಬಿಡಿಸಿ ಹೇಳಿದ. ಕೋರ್ಟ್ ತಾತ ಸಮಾಧಾನದಿಂದ ಕೇಳಿಸಿಕೊಂಡರು.

‘ನಿಮ್ಮ ಆಫೀಸಿಂದ ಇದೇ ಸಾಲು ಹಾಕಿ ಪತ್ರ ಹೋಗುತ್ತೆ ತಾನೇ?’

‘ಹೋಗುತ್ತೆ ತಾತ.’

‘ಉತ್ತರ ಬರದೇ ಇದ್ರೆ ಒಪ್ಪಿಗೆ ಅಂತ ಗುರುತು ಹಾಕ್ತೀರಾ, ಇಲ್ವಾ?’

‘ಹಾಕ್ತೀವಿ.’

‘ಅದು ಸರಿ ಆದ್ರೆ ಇದೂ ಸರಿ. ಇದು ತಪ್ಪಾದ್ರೆ ಇಷ್ಟು ವರ್ಷ ನೀನು ಮಾಡಿದ್ದೆಲ್ಲ ತಪ್ಪು. ಎರಡರಲ್ಲಿ ಯಾವುದು ಅಂತ ನೀನೇ ಹೇಳಪ್ಪ.’

ಬೇರೆ ಯಾರಾದರೂ ಆಗಿದ್ದರೆ, ಹೋಗಲಿ ಬಿಡಿ ತಾತ ಎಂದು ಒಳಗೆ ಹೋಗುತ್ತಿದ್ದರು. ತಾಳೆಪ್ಪ ಅಂಥವನಲ್ಲ. ಪ್ರಶ್ನೆ ಅವನನ್ನು ಚುಚ್ಚಿತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತ, ತಾನು ಒಪ್ಪಿಗೆ ಎಂದು ಗುರುತು ಹಾಕಿದ ಗಿರಾಕಿಗಳನ್ನೆಲ್ಲ ನೆನೆದ. ಅವರಲ್ಲಿ ಎಷ್ಟು ಜನ ಊರು ಬಿಟ್ಟಿದ್ದರೋ, ಎಷ್ಟು ಜನರ ಪತ್ರ ಪಕ್ಕದ ಮನೆಗೆ ಹೋಗಿತ್ತೋ. ಬೆಳಿಗ್ಗೆ ಆಫೀಸಿಗೆ ಹೋದವನೇ ಆಡಿಟರ ಮುಂದೆ ನಿಂತು, ಆಫೀಸಿನ ಪತ್ರದ ನಕಲು ಬಳಸಿದ್ದನ್ನೂ, ಅದು ಸಮುದ್ರ ದಾಟಿದ್ದನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ಆಡಿಟರು ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ, ಪತ್ರ ತಮ್ಮ ಆಫೀಸಿನ ಲೆಟರ್‌ಹೆಡ್ಡಿನಲ್ಲಿ ಹೋಗಿಲ್ಲ ತಾನೇ ಎಂದು ಕೇಳಿ, ಇಲ್ಲ ಎಂದಾಗ ನೆಮ್ಮದಿಯಿಂದ ಟೀ ತರಿಸಿಕೊಂಡರು.

ಇತ್ತ ಕೋರ್ಟ್ ತಾತ ಸುಮ್ಮನೆ ಕೂರಲಿಲ್ಲ. ತೀರ್ಪಾದ ಮೇಲೆ ಜಾರಿಯಾಗಬೇಕು ಎಂದು ಹೇಳಿ, ಕಡತ ಕಂಕುಳಲ್ಲಿಟ್ಟುಕೊಂಡು, ತಾಳೆಪ್ಪನನ್ನು ಮುಂದೆ ಮಾಡಿಕೊಂಡು ಕಾಲೇಜಿಗೆ ಹೊರಟರು. ವಿದೇಶ ವಿಭಾಗದ ಅಧಿಕಾರಿಯ ಕೋಣೆಯಲ್ಲಿ ಕುರ್ಚಿಗಿಂತ ಹೆಚ್ಚಾಗಿ ಅರ್ಜಿಗಳಿದ್ದವು. ಮೇಜಿನ ಮೇಲೆ, ಕಿಟಕಿಯ ಮೇಲೆ, ಫ್ಯಾನಿನ ಗಾಳಿಗೆ ಹಾರದಂತೆ ಒಂದರ ಮೇಲೊಂದು. ಅಧಿಕಾರಿ ಒಪ್ಪಿಗೆ ಪತ್ರ ಎಲ್ಲಿ ಎಂದು ಕೈಚಾಚಿದ. ತಾತ ಅರ್ಜಿಯ ಪ್ರತಿಯನ್ನು ಕೊಟ್ಟು, ಒಪ್ಪಿಗೆ ಪತ್ರದ ಅಗತ್ಯವಿಲ್ಲವೆಂದೂ, ಆಕ್ಷೇಪಣೆ ಬಂದಿಲ್ಲವೆಂಬುದೇ ಒಪ್ಪಿಗೆಯೆಂದೂ ವಿವರಿಸಿದರು. ಅಧಿಕಾರಿ ನಕ್ಕ. ತಾಳೆಪ್ಪ ನೆಲ ನೋಡಿದ.

‘ಸ್ವಾಮಿ, ಉತ್ತರ ಕೊಡ್ಲಿಲ್ಲ ಅಂದ್ರೆ ಒಪ್ಪಿದ ಹಾಗಾ? ಇಲ್ಲಿ ನೋಡಿ, ಇದಕ್ಕೆಲ್ಲ ನಾನು ಉತ್ತರ ಕೊಟ್ಟಿಲ್ಲ. ಹಾಗಂತ ಎಲ್ಲಾ ಒಪ್ಪಿದ್ದೀನಾ?’

ತಾತ ರಾಶಿಗಳನ್ನು ಒಂದೊಂದಾಗಿ ನೋಡಿದರು. ‘ಒಪ್ಪಿದ್ದೀರಿ.’

ಅಧಿಕಾರಿಯ ನಗೆ ಅಲ್ಲೇ ನಿಂತಿತು. ಮೈದಾನದ ಉಸ್ತುವಾರಿಯೂ ಆತನದೇ ಆಗಿತ್ತು, ಮೇಲಿನ ರಾಶಿಯಲ್ಲಿ ಪ್ರಾಂಶುಪಾಲರ ಷಡ್ಡಕ ಕಾಲೇಜಿನ ಮೈದಾನವನ್ನು ಬಾಡಿಗೆಗೆ ಕೇಳಿದ್ದ ಅರ್ಜಿಯಿತ್ತು. ಆತ ಎದ್ದು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, ಈ ವಾದವನ್ನು ಹೊರಗೆಲ್ಲೂ ಆಡಬಾರದೆಂದು ಕೇಳಿಕೊಂಡ. ತಾಳೆಪ್ಪನಿಗೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದ: ತಿಂಗಳ ಕೊನೆಯೊಳಗೆ ಯಾವುದಾದರೂ ಒಂದು ಕಂಪನಿಯಿಂದ ಒಂದು ಸಾಲು ಬರಲಿ, ಸೀಟು ಅವನದು. ಬಾರದಿದ್ದರೆ ಹಗಲು ಕಾಲೇಜಿನ ಹುಡುಗನೊಬ್ಬ ಕಾದಿದ್ದಾನೆ. ಸಂಜೆಯವರಿಂದ ಆಗುವುದಿಲ್ಲ ಎಂದು ಕಮಿಟಿಯಲ್ಲಿ ಹೇಳಿದವರಿಗೆ ಬಾಯಿ ಸಿಕ್ಕ ಹಾಗಾಗುತ್ತದೆ, ಮುಂದಿನ ವರ್ಷ ಆ ಹೆಚ್ಚಿನ ಸಾಲು ನೋಟಿಸಿನಲ್ಲಿ ಇರುವುದಿಲ್ಲ.

ಇದನ್ನು ಕೇಳಿ ಬಂದ ಮೇಲೆ ತಾಳೆಪ್ಪ ಒಂದು ಕೆಲಸ ಮಾಡಿದ. ಸೀಟಿಗಾಗಿ ಮಾಡಿದ್ದಲ್ಲ, ಮನಸ್ಸು ತಡೆಯದೆ ಮಾಡಿದ್ದು. ಮೊದಲ ಪತ್ರ ಹೋದ ಎಲ್ಲ ಕಂಪನಿಗಳಿಗೂ ಇನ್ನೊಂದು ಪತ್ರ ಬರೆದ. ಈ ಸಲ ಯಾವ ನಕಲೂ ಇಲ್ಲ, ಇಂಗ್ಲಿಷು ಅಲ್ಲಲ್ಲಿ ಕುಂಟುತ್ತಿತ್ತು. ನನ್ನ ಹಿಂದಿನ ಪತ್ರದ ಕೊನೆಯ ಪ್ಯಾರಾ ಬೇರೊಂದು ಬಗೆಯ ಪತ್ರದ್ದು, ಅಜಾಗರೂಕತೆಯಿಂದ ಉಳಿದಿದೆ. ತಮ್ಮ ಮೌನವನ್ನು ನಾನು ಒಪ್ಪಿಗೆ ಎಂದು ಭಾವಿಸಿಲ್ಲ. ನಮ್ಮ ಮನೆಯಲ್ಲಿ ಕೆಲವರು ಭಾವಿಸಿದ್ದಾರೆ, ಅವರಿಗೆ ತಿಳಿಹೇಳುತ್ತಿದ್ದೇನೆ. ತಮಗೆ ಯಾವ ಹೊಣೆಯೂ ಇಲ್ಲ.

ಮನೆಯಲ್ಲಿ ತಿಳಿಹೇಳುವ ಕೆಲಸ ಅಷ್ಟು ಸುಲಭವಾಗಿರಲಿಲ್ಲ. ಈ ಪತ್ರದ ಸುದ್ದಿ ಕೇಳಿ ಕೋರ್ಟ್ ತಾತ ಎದೆ ಹಿಡಿದುಕೊಂಡು ಕೂತರು. ಗೆದ್ದ ದಾವೆಯನ್ನು ಕಕ್ಷಿದಾರನೇ ಬಿಟ್ಟುಕೊಟ್ಟದ್ದನ್ನು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲವಂತೆ. ಅಕ್ಕ ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಬೇಕಾದದ್ದನ್ನೆಲ್ಲ ಭಾವನ ಮೂಲಕ ಕೇಳುತ್ತಿದ್ದಳು. ಭಾವ ಇಬ್ಬರ ನಡುವೆ ಕೂತು, ಈ ಕಡೆ ಆ ಕಡೆ ನೋಡಿ, ರಸ್ತೆ ಖಾಲಿಯಿದೆ ಎಂದು ಖಾತ್ರಿಯಾದ ಮೇಲೆ ಮಾತು ದಾಟಿಸುತ್ತಿದ್ದ.

ಹಾಗಿರುವಾಗ ಒಂದು ಉತ್ತರ ಬಂತು.

ಬಂದದ್ದು ಆಫೀಸಿನ ವೇಳೆಯಲ್ಲಿ. ಕೆಲಸದ ಹೊತ್ತಿನಲ್ಲಿ ಸ್ವಂತ ಇಮೇಲು ತೆರೆಯುವುದು ಸರಿಯಲ್ಲ ಎಂದು ತಾಳೆಪ್ಪ ಫೋನನ್ನು ಡ್ರಾಯರಿನಲ್ಲಿಟ್ಟು, ದಿನವಿಡೀ ಡ್ರಾಯರಿನ ಕಡೆ ನೋಡದೆ, ಎಂದೂ ಮಾಡದಷ್ಟು ತಪ್ಪು ಟೈಪು ಮಾಡಿದ. ಸಂಜೆ ಕಾಲೇಜು ತಪ್ಪಿಸಿ ಸೀದಾ ಮನೆಗೆ ಬಂದ. ಅವನ ಮುಖ ನೋಡಿ ಅಕ್ಕ ಮಾತು ಬಿಟ್ಟದ್ದನ್ನು ಮರೆತು ಏನಾಯಿತೆಂದು ಕೇಳಿದಳು. ಉತ್ತರ ಬಂದಿದೆ ಎಂದ. ಅವಳು ಕೋರ್ಟ್ ತಾತನನ್ನು ಕೂಗಿದಳು. ತಾತ ಇಳಿದು ಬಂದರು, ಅವರ ಹಿಂದೆ ಪಕ್ಕದ ಮನೆಯಾಕೆ, ಅವಳ ಹಿಂದೆ ದರ್ಜಿ.

ಉತ್ತರ ಎಂಬ ಮಾತು ಕೇಳಿದ್ದೇ ತಾತ ತಲೆ ತಗ್ಗಿಸಿದರು. ಪತ್ರದ ಪ್ರಕಾರ ಉತ್ತರ ಬರೆಯಬೇಕಾದವರು ಆಕ್ಷೇಪಣೆ ಇದ್ದವರು ಮಾತ್ರ.

‘ತಕರಾರು ಬಂದಿದೆ ಕಣಮ್ಮಾ’ ಎಂದರು, ಸಾವಿನ ಮನೆಯ ದನಿಯಲ್ಲಿ.

ಅಕ್ಕ ಸೆರಗು ಕಣ್ಣಿಗೊತ್ತಿದಳು. ಪಕ್ಕದ ಮನೆಯಾಕೆ ಅವಳ ಬೆನ್ನು ಸವರಿದಳು. ದರ್ಜಿ, ಸಮಯ ನೋಡಿ ಹೇಳಬೇಕಾದ ಮಾತಲ್ಲ, ಆದರೂ ಕೋಟಿನ ಒಂದು ತೋಳು ಹೊಲಿದಾಗಿದೆ, ಇನ್ನೊಂದನ್ನು ಹೊಲಿಯಲೋ ಬಿಡಲೋ ಎಂದು ಕೇಳಿದ. ಪತ್ರವನ್ನು ಇನ್ನೂ ಯಾರೂ ತೆರೆದಿರಲಿಲ್ಲ.

ಕೊನೆಗೆ ತೆರೆದವನು ಭಾವ. ಅವನಿಗೆ ಧೈರ್ಯ ಹೆಚ್ಚೆಂದಲ್ಲ. ಎದುರಿಗೆ ಅಪಘಾತ ಬರುತ್ತಿದ್ದರೂ ಕಣ್ಣು ತೆರೆದೇ ಕೂರುವುದು ಅವನ ಉದ್ಯೋಗ. ಅವನು ಅಕ್ಷರ ಅಕ್ಷರ ಕೂಡಿಸಿ ಓದಿದ್ದನ್ನು ತಾಳೆಪ್ಪ ಕನ್ನಡದಲ್ಲಿ ಹೇಳುತ್ತ ಹೋದ. ದೂರದ ಒಂದು ಬಂದರು ಪಟ್ಟಣದ ಸಣ್ಣ ಲೆಕ್ಕ ಕಂಪನಿ. ಬರೆದವರು ಅದರ ಒಡತಿ. ಮೊದಲ ಪತ್ರ ಬಂದಾಗ ಅವರು ಓದಿರಲೇ ಇಲ್ಲವಂತೆ. ಎರಡನೆಯದನ್ನು ಓದಿ, ಏನಿದು ಎಂದು ಮೊದಲನೆಯದನ್ನು ಹುಡುಕಿ ತೆಗೆದರಂತೆ. ಆಫೀಸಿನವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿ, ನಗು ನಿಂತ ಮೇಲೆ ಎಲ್ಲರಿಗೂ ಸ್ವಲ್ಪ ನಾಚಿಕೆಯಾಯಿತಂತೆ, ಏಕೆಂದರೆ ಅವರೂ ಅಂಥದೇ ಪತ್ರಗಳನ್ನು ಕಳಿಸುವವರು.

‘ನನಗೆ ಒಂದು ಆಕ್ಷೇಪಣೆ ಇದೆ’ ಎಂದು ಮುಂದಿನ ಸಾಲಿತ್ತು. ಅಕ್ಕ ಮತ್ತೆ ಸೆರಗಿಗೆ ಕೈ ಹಾಕಿದಳು. ‘ಅನುಭವ ಎಂಬಲ್ಲಿ ನೀವು ‘ಇಲ್ಲ’ ಎಂದು ಬರೆದಿದ್ದೀರಿ. ಆ ಪ್ಯಾರಾವನ್ನು ಕಣ್ಣು ಮುಚ್ಚಿ ಬರೆಯಬಲ್ಲವರು ಅದನ್ನು ವರ್ಷಗಟ್ಟಲೆ ಬರೆದಿರಬೇಕು. ನಿಮ್ಮ ಹೇಳಿಕೆಯನ್ನು ನಾನು ಒಪ್ಪುವುದಿಲ್ಲ. ಗುರುವಾರ ವೀಡಿಯೋ ಕರೆಯಲ್ಲಿ ಸಿಗಿ, ಮಾತಾಡೋಣ.’

ಅಕ್ಕ ಸೆರಗನ್ನು ಕೈಯಿಂದ ಬಿಟ್ಟಳು. ಆಮೇಲೆ ತಾತ, ಇಂಥ ಆಕ್ಷೇಪಣೆಯನ್ನು ತಾವು ಕಂಡಿಲ್ಲವೆಂದೂ, ಆದರೆ ಸ್ವೀಕರಿಸಬಹುದೆಂದೂ ತಿಳಿಸಿದರು. ದರ್ಜಿ ಹೇಳದೆ ಕೇಳದೆ ಎದ್ದು ಹೋದ. ಎರಡನೆಯ ತೋಳಿಗೆ ಎಂದು ಎಲ್ಲರಿಗೂ ಗೊತ್ತಾಯಿತು.

ಗುರುವಾರ ತಾತನ ಮಹಡಿಯ ಕೋಣೆಯಲ್ಲಿ ಕಲಾಪ. ಸಿಗ್ನಲ್ಲು ಅಲ್ಲೇ ಚೆನ್ನಾಗಿ ಸಿಗುತ್ತಿದ್ದುದು. ಮೇಜಿನ ಮೇಲೆ ಸಾಲ ತಂದ ಲ್ಯಾಪ್‌ಟಾಪು, ಎದುರಿಗೆ ಎರಡು ತೋಳಿನ ಹೊಸ ಕೋಟಿನಲ್ಲಿ ತಾಳೆಪ್ಪ, ಹಿಂದೆ ಗೋಡೆಯುದ್ದಕ್ಕೂ ಬೆಂಚಿನಲ್ಲಿ ಉಳಿದವರು. ಕ್ಯಾಮೆರಾದಲ್ಲಿ ಕಾಣದಂತೆ ಕೂರಿ ಎಂದು ತಾಳೆಪ್ಪ ಬೇಡಿಕೊಂಡಿದ್ದ. ಕರೆ ಬಂದಾಗ ಎಲ್ಲರೂ ಗೌರವದಿಂದ ಎದ್ದು ನಿಂತದ್ದರಿಂದ ತಲೆ ಬಿಟ್ಟು ಉಳಿದದ್ದೆಲ್ಲ ಕಂಡಿತು.

ಬೆಳ್ಳಿ ಕೂದಲಿನ ಒಡತಿ ಆ ತಲೆಯಿಲ್ಲದ ಸಾಲನ್ನು ನೋಡಿ, ಒಪ್ಪಿಗೆ ಎಂದು ಭಾವಿಸಿದವರು ಇವರೇನಾ ಎಂದು ಕೇಳಿದರು. ತಾಳೆಪ್ಪ ಹೌದೆಂದ. ಅವರು ಕೆಲಸದ ಬಗ್ಗೆ ಕೇಳತೊಡಗಿದರು. ಪತ್ರಗಳನ್ನು ಹೇಗೆ ಕಳಿಸುತ್ತೀರಿ, ವಿಳಾಸವನ್ನು ಎಲ್ಲಿಂದ ತೆಗೆಯುತ್ತೀರಿ, ವಾಪಸು ಬಂದದ್ದನ್ನು ಏನು ಮಾಡುತ್ತೀರಿ. ಗೊತ್ತಿದ್ದ ವಿಷಯವಾದ್ದರಿಂದ ತಾಳೆಪ್ಪನ ದನಿ ಗಂಟಲಿನಿಂದ ಬಾಯಿಗೆ ಬಂತು. ಆಮೇಲೆ ಅವರು, ಉತ್ತರವೇ ಬಾರದಿದ್ದರೆ ಅದಕ್ಕೆ ಏನರ್ಥ ಎಂದರು. ಮತ್ತೆ ಬೆಂಚಿನಲ್ಲಿ ಕೂತಿದ್ದ ತಾತ ಮುಂದಕ್ಕೆ ಬಾಗಿದರು. ಭಾವನ ಬಲಗಾಲು ಸಿದ್ಧವಾಯಿತು.

ತಾಳೆಪ್ಪ ಯೋಚಿಸಿದ. ಒಪ್ಪಿಗೆ ಎಂದರ್ಥ ಎಂಬುದು ಪುಸ್ತಕದ ಉತ್ತರ.

‘ಮೇಡಂ, ಉತ್ತರ ಬರಲಿಲ್ಲ ಅಂತಷ್ಟೇ ಅರ್ಥ. ಈ ತಿಂಗಳು ಅದನ್ನೇ ಯೋಚಿಸ್ತಿದ್ದೀನಿ. ನಮ್ಮ ಗಿರಾಕಿಗಳಲ್ಲಿ ಕೆಲವರನ್ನ ಆಫೀಸು ಬಿಟ್ಟ ಮೇಲೆ ಹೋಗಿ ನೋಡಿ ಬಂದೆ. ಒಬ್ಬರಿಗೆ ಪತ್ರ ಸಿಕ್ಕೇ ಇರಲಿಲ್ಲ. ಒಬ್ಬರಿಗೆ ಓದೋಕೆ ಬರ್ತಿರಲಿಲ್ಲ. ಒಬ್ಬರು ಮಾತ್ರ ಒಪ್ಪಿದ್ರು.’

ಅವನು ಹೀಗೆ ಮನೆ ಮನೆ ತಿರುಗಿದ್ದು ಬೆಂಚಿನವರಿಗೂ ಹೊಸ ಸುದ್ದಿ. ಒಡತಿ ಏನೋ ಬರೆದುಕೊಂಡರು. ತಮ್ಮಲ್ಲಿ ಹೀಗೆ ಹೋಗಿ ನೋಡಿ ಬರುವ ಕೆಲಸಕ್ಕೇ ಒಬ್ಬರು ಬೇಕಿತ್ತು, ಬಂದರಿನ ಅಂಗಡಿಗಳಿಗೆ ನಡೆದು ಹೋಗಬೇಕು, ಗಾಳಿ ಜೋರು, ಕೋಟು ಚೆನ್ನಾಗಿದೆ ಎಂದರು. ದರ್ಜಿ ಬೆಂಚಿನಲ್ಲಿ ಎರಡು ಅಂಗುಲ ಎತ್ತರವಾದ. ಸಂಬಳ, ಉಳಿಯಲು ಕೋಣೆ, ಯಾವಾಗಿನಿಂದ ಎಂಬುದನ್ನೆಲ್ಲ ಹೇಳಿ, ಪತ್ರವನ್ನು ಇವತ್ತೇ ಕಾಲೇಜಿಗೆ ಕಳಿಸುತ್ತೇನೆ ಎಂದರು.

‘ನಿಮಗೆ ಒಪ್ಪಿಗೆಯೇ?’

ತಾಳೆಪ್ಪ ಬಾಯಿ ತೆರೆದ. ಏನೂ ಹೊರಡಲಿಲ್ಲ. ಸಂಜೆ ತರಗತಿಯ ಅರೆಬರೆ ದೀಪಗಳು, ಮುಚ್ಚುತ್ತಿದ್ದ ಲೈಬ್ರರಿ ಬಾಗಿಲು, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಒಡತಿ ಕಾದರು. ಅವರು ಕನ್ನಡಕ ತೆಗೆದು ಪರದೆಯ ಹತ್ತಿರ ಬಂದರು.

‘ನೋಡಿ, ಈಗ ತಾನೇ ಹೇಳಿದ್ರಿ. ಇದನ್ನು ನಾನು ಏನಂತ ಬರೆದುಕೊಳ್ಳಲಿ?’

ಇಂಗ್ಲಿಷು ಅರ್ಥವಾಗದ ಅಕ್ಕನಿಗೆ ಅದೊಂದು ಮಾತ್ರ ಹೇಗೋ ಅರ್ಥವಾಯಿತು. ಅವಳು ಕ್ಯಾಮೆರಾ, ಮರ್ಯಾದೆ ಎಲ್ಲ ಬಿಟ್ಟು ಮುಂದೆ ಬಂದು ತಮ್ಮನ ಬೆನ್ನಿಗೆ ಒಂದು ಗುದ್ದಿದಳು.

‘ಬಾಯಿ ಬಿಟ್ಟು ಹೇಳೋ, ತಾಳೆಪ್ಪ. ಅವರಿಗೆ ಹೇಗೆ ಗೊತ್ತಾಗಬೇಕು?’

‘ಒಪ್ಪಿಗೆ, ಮೇಡಂ’ ಎಂದ ತಾಳೆಪ್ಪ. ಕನ್ನಡದಲ್ಲೇ ಅಂದದ್ದು. ದನಿ ಎಷ್ಟು ಜೋರಾಗಿತ್ತೆಂದರೆ ಕೆಳಗೆ ಬೀದಿಯಲ್ಲಿ, ಮೇಷ್ಟರು ಬರಲೆಂದು ಕಾಯುತ್ತ ಕಾರಿನಲ್ಲಿ ಕೂತಿದ್ದ ಭಾವನ ಶಿಷ್ಯೆ ಬೆಚ್ಚಿ, ತನ್ನ ಜೀವನದಲ್ಲಿ ಮೊದಲ ಸಲ, ಹುಡುಕಾಡದೆ ಸರಿಯಾಗಿ ಬ್ರೇಕನ್ನೇ ಒತ್ತಿದಳು. ಭಾಷೆ ಗೊತ್ತಿಲ್ಲದ ಒಡತಿ ತಲೆಯಾಡಿಸಿ ಬರೆದುಕೊಂಡರು.